ಬ್ರಿಟನ್‌ನಲ್ಲಿ ಮೆಡಿಕಲ್ ಸೀಟಿನ ಸಂದರ್ಶನ: ಮೊದಲ ಈಮೇಲ್‌ನಿಂದ ಕೊನೆಯ ಗಂಟೆಯವರೆಗೆ

ನಾನು ಮೆಡಿಕಲ್ ಸೇರಿದ್ದು ಕರ್ನಾಟಕದಲ್ಲಿ, ಸಿಇಟಿ ಕಾಲದಲ್ಲಿ. ರ‍್ಯಾಂಕ್ ಬಂತು, ಬೆಂಗಳೂರಿಗೆ ಕೌನ್ಸೆಲಿಂಗ್‌ಗೆ ಹೋದೆವು. ಅಪ್ಪ ಡಿಡಿ ಇಟ್ಟುಕೊಂಡು ಪಕ್ಕದಲ್ಲೇ ಕೂತಿದ್ದರು. ನಾನು ಕಾಲೇಜು ಆರಿಸಿಕೊಂಡೆ, ಅಷ್ಟೇ. ನೀನ್ಯಾಕೆ ಡಾಕ್ಟರ್ ಆಗಬೇಕಮ್ಮ ಅಂತ ಯಾರೂ ಕೇಳಲಿಲ್ಲ. ಈಗ ನೀಟ್ ಬಂದಿದೆ, 720 ಅಂಕದ ಪರೀಕ್ಷೆ. ಆದರೂ ಊರಲ್ಲಿ ಸೀಟು ಸಿಗುವುದು ಅಂಕದ ಮೇಲೆಯೇ.

ಬ್ರಿಟನ್‌ನಲ್ಲಿ ಹಾಗಲ್ಲ. ಅಂಕ ಎಷ್ಟೇ ಚೆನ್ನಾಗಿದ್ದರೂ ಸಂದರ್ಶನ ದಾಟದೆ ಸೀಟಿಲ್ಲ. ಇಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ನಮ್ಮಂಥ ಅಪ್ಪ ಅಮ್ಮಂದಿರಿಗೆ ಇದು ಕಂಡು ಕೇಳದ ವಿಷಯ. ನಾನು ಕೆಲವು ವರ್ಷ ಒಂದು ಮೆಡಿಕಲ್ ಸ್ಕೂಲಿನಲ್ಲಿ ಸಂದರ್ಶನ ಮಾಡುವವರ ಕುರ್ಚಿಯಲ್ಲಿ ಕೂತಿದ್ದೆ. ಅದನ್ನು ಬಿಟ್ಟ ಮೇಲೆ ಪರಿಚಯದ ಕನ್ನಡ ಮನೆಗಳ ಮಕ್ಕಳಿಗೆ ನಮ್ಮ ಅಡುಗೆಮನೆಯ ಟೇಬಲ್ಲಿನಲ್ಲಿ ಅಭ್ಯಾಸ ಮಾಡಿಸುತ್ತಿದ್ದೇನೆ. ಎರಡನ್ನೂ ಒಟ್ಟಿಗೆ ಮಾಡುವುದು ಸರಿಯಲ್ಲ, ಅದಕ್ಕೇ ಕಾದೆ. ಅಲ್ಲಿ ಕೇಳಿದ ಪ್ರಶ್ನೆಗಳು ಯಾವುವೂ ಇಲ್ಲಿಲ್ಲ. ಈ ಉದಾಹರಣೆಗಳೆಲ್ಲ ಎಲ್ಲ ಕಡೆ ಅಭ್ಯಾಸಕ್ಕೆ ಬಳಸುವಂಥವು.

ಮೊದಲ ಹೆಜ್ಜೆ: ಕ್ಯಾಲೆಂಡರ್ ಗೊತ್ತಿರಲಿ

ಮೆಡಿಕಲ್ ಸೀಟಿಗೆ ಬರೆಯುವ ಪ್ರವೇಶ ಪರೀಕ್ಷೆ ಯುಕ್ಯಾಟ್ ಜುಲೈನಿಂದ ಸೆಪ್ಟೆಂಬರ್ ಒಳಗೆ ಮುಗಿಯುತ್ತದೆ. ಇಲ್ಲಿ ಎಲ್ಲ ಯೂನಿವರ್ಸಿಟಿಗಳಿಗೂ ಅರ್ಜಿ ಹೋಗುವುದು ಯುಕಾಸ್ ಅನ್ನುವ ಒಂದೇ ಸಂಸ್ಥೆಯ ಮೂಲಕ, ಆ ಅರ್ಜಿಗೆ ಕೊನೆಯ ದಿನ ಅಕ್ಟೋಬರ್ 15. ಮೆಡಿಸಿನ್‌ಗೆ ನಾಲ್ಕು ಕಡೆ ಮಾತ್ರ ಹಾಕಬಹುದು, ಐದನೆಯ ಜಾಗಕ್ಕೆ ಬೇರೆ ಕೋರ್ಸ್ ಹಾಕಬಹುದು. ಆಮೇಲೆ ಕಾಯುವ ಕೆಲಸ. ಸಂದರ್ಶನಗಳು ಹೆಚ್ಚಾಗಿ ಡಿಸೆಂಬರ್‌ನಿಂದ ಮಾರ್ಚ್ ಒಳಗೆ ನಡೆಯುತ್ತವೆ. ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಮಾತ್ರ ಬಹುತೇಕ ಡಿಸೆಂಬರ್‌ನಲ್ಲೇ ಮುಗಿಸುತ್ತವೆ.

ಕರೆ ಬರುವುದು ಈಮೇಲ್‌ನಲ್ಲಿ. ಕೆಲವೊಮ್ಮೆ ಸಂದರ್ಶನಕ್ಕೆ ಒಂದೆರಡು ವಾರ ಇರುವಾಗ ಬರುತ್ತದೆ. ಸ್ಪ್ಯಾಮ್ ಫೋಲ್ಡರ್ ದಿನಾ ನೋಡಿ. ಕ್ರಿಸ್‌ಮಸ್ ರಜೆಗೆ ಊರಿಗೆ ಟಿಕೆಟ್ ಮಾಡಿಸುವ ಮೊದಲು ಈ ವರ್ಷ ಒಂದು ಸಲ ಯೋಚಿಸಿ. ಅಜ್ಜಿ ತಾತನಿಗೆ ಬೇಜಾರಾಗುತ್ತದೆ, ನಿಜ. ಆದರೆ ಸಿಕ್ಕ ದಿನ ಬದಲಾಯಿಸಿ ಅಂದರೆ ಬದಲಾಯಿಸುತ್ತಾರೆ ಅನ್ನುವ ಭರವಸೆ ಇಲ್ಲ.

ಎರಡನೇ ಹೆಜ್ಜೆ: ಯಾವ ಬಗೆಯ ಸಂದರ್ಶನ ಅಂತ ತಿಳಿದುಕೊಳ್ಳಿ

ಒಂದು, ಹಳೆಯ ಪದ್ಧತಿಯ ಪ್ಯಾನೆಲ್. ಎರಡು ಮೂರು ಜನ ಎದುರು ಕೂತು ಮಾತಾಡಿಸುತ್ತಾರೆ. ಆಕ್ಸ್‌ಫರ್ಡ್, ಕೇಂಬ್ರಿಡ್ಜ್‌ಗಳದ್ದು ಈ ಬಗೆ. ಅಲ್ಲಿ ವಿಜ್ಞಾನದ ಮಾತು ಜಾಸ್ತಿ. ಒಂದು ಗ್ರಾಫ್ ಕೊಟ್ಟು ಏನು ಕಾಣುತ್ತದೆ ಅಂತ ಕೇಳುತ್ತಾರೆ. ನಿಮಗೆ ಗೊತ್ತಿಲ್ಲದ ಜಾಗದವರೆಗೆ ಬೇಕಂತಲೇ ಕರೆದುಕೊಂಡು ಹೋಗುತ್ತಾರೆ. ಅಲ್ಲಿ ನಿಂತು ಹೇಗೆ ಯೋಚಿಸುತ್ತೀರಿ ಅಂತ ನೋಡುವುದೇ ಅವರ ಉದ್ದೇಶ.

ಇನ್ನೊಂದು ಎಂಎಂಐ, ಮಲ್ಟಿಪಲ್ ಮಿನಿ ಇಂಟರ್‌ವ್ಯೂ. ಉಳಿದ ಮೆಡಿಕಲ್ ಸ್ಕೂಲುಗಳಲ್ಲಿ ಬಹುಪಾಲು ಇದನ್ನೇ ಮಾಡುತ್ತವೆ. ಇದು ಹುಟ್ಟಿದ್ದು ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ, 2000ದ ದಶಕದ ಶುರುವಿನಲ್ಲಿ. ಒಂದೇ ಪ್ಯಾನೆಲ್ ಮುಂದೆ ಅರ್ಧ ಗಂಟೆ ಕೂತರೆ ಆ ಮೂವರಿಗೆ ನೀವು ಹಿಡಿಸಿದಿರೋ ಇಲ್ಲವೋ ಅನ್ನುವುದರ ಮೇಲೆ ಎಲ್ಲ ನಿಂತುಬಿಡುತ್ತದೆ. ಅದಕ್ಕೆ ಅವರು ಸಂದರ್ಶನವನ್ನು ಸಣ್ಣ ಸಣ್ಣ ತುಂಡು ಮಾಡಿದರು. ಪ್ರತಿ ತುಂಡಿಗೂ ಬೇರೆ ಪ್ರಶ್ನೆ, ಬೇರೆ ವ್ಯಕ್ತಿ, ಬೇರೆ ಅಂಕ. ಈ ಒಂದೊಂದು ತುಂಡಿಗೂ ಸ್ಟೇಷನ್ ಅನ್ನುತ್ತಾರೆ.

ಇದನ್ನು ಮಕ್ಕಳಿಗೆ ಬಿಡಿಸಿ ಹೇಳಿ, ಯಾಕೆಂದರೆ ಇದರಲ್ಲೇ ಅರ್ಧ ಧೈರ್ಯ ಇದೆ. ಮೂರನೇ ಸ್ಟೇಷನ್‌ನಲ್ಲಿ ಮಾತು ತೊದಲಿದ್ದು ನಾಲ್ಕನೇ ಸ್ಟೇಷನ್‌ನವರಿಗೆ ಗೊತ್ತೇ ಇರುವುದಿಲ್ಲ. ಅವರಿಗೆ ನೀವು ಆಗ ತಾನೇ ಬಾಗಿಲು ತೆಗೆದು ಒಳಗೆ ಬಂದ ಹೊಸಬರು.

ಮೂರನೇ ಹೆಜ್ಜೆ: ಆ ದಿನವನ್ನು ಮನಸ್ಸಿನಲ್ಲಿ ಒಂದು ಸಲ ನಡೆದು ನೋಡಿ

ನೀವು ತಲುಪಿದಾಗ ರಿಸೆಪ್ಷನ್‌ನಲ್ಲಿ ಪಾಸ್‌ಪೋರ್ಟ್ ಅಥವಾ ಬೇರೆ ಫೋಟೋ ಗುರುತಿನ ಚೀಟಿ ನೋಡುತ್ತಾರೆ. ಹೆಸರಿನದ್ದೋ ನಂಬರಿನದ್ದೋ ಸ್ಟಿಕ್ಕರ್ ಕೊಡುತ್ತಾರೆ. ಬ್ಯಾಗು, ಕೋಟು, ಫೋನು, ವಾಚು ಒಂದು ಕಡೆ ಇಡಿಸುತ್ತಾರೆ. ಆಮೇಲೆ ಒಂದು ಕೋಣೆಯಲ್ಲಿ ಉಳಿದವರ ಜೊತೆ ಕಾಯಬೇಕು. ಅಲ್ಲೇ ಓದುತ್ತಿರುವ ಹುಡುಗ ಹುಡುಗಿಯರು ಬಂದು ಹಾಸ್ಟೆಲ್ ಬಗ್ಗೆ, ಅನಾಟಮಿ ಬಗ್ಗೆ ಮಾತಾಡಿಸುತ್ತಾರೆ. ಈ ಕೋಣೆಯಲ್ಲಿ ಯಾರೋ ಒಬ್ಬರು ನನಗೆ ಯುಕ್ಯಾಟ್ ಇಷ್ಟು ಬಂದಿದೆ ಅಂತ ಜೋರಾಗಿ ಹೇಳುತ್ತಾ ಇರುತ್ತಾರೆ. ಕಿವಿಗೆ ಹಾಕಿಕೊಳ್ಳಬೇಡಿ. ಪಕ್ಕದಲ್ಲಿ ಕೂತವರಿಗೆ ನಮಸ್ಕಾರ ಹೇಳಿ, ನೀರು ಕುಡಿಯಿರಿ.

ಕರೆದಾಗ ಸಾಲಾಗಿ ಒಂದು ಕಾರಿಡಾರ್‌ಗೆ ಕರೆದೊಯ್ಯುತ್ತಾರೆ. ಒಂದೊಂದು ಬಾಗಿಲ ಮುಂದೆ ಒಬ್ಬೊಬ್ಬರು. ಬಾಗಿಲ ಮೇಲೋ ಪಕ್ಕದ ಕುರ್ಚಿಯ ಮೇಲೋ ಒಂದು ಹಾಳೆ ಇರುತ್ತದೆ, ಅದರಲ್ಲಿ ಸನ್ನಿವೇಶ. ಓದಲು ಒಂದೆರಡು ನಿಮಿಷ. ಗಂಟೆ ಹೊಡೆಯುತ್ತದೆ, ಒಳಗೆ ಹೋಗುತ್ತೀರಿ. ಐದರಿಂದ ಎಂಟು ನಿಮಿಷ ಮಾತು. ಮತ್ತೆ ಗಂಟೆ. ವಾಕ್ಯದ ನಡುವೆ ಇದ್ದರೂ ಎದ್ದು ಬರಬೇಕು. ಹೀಗೆ ಆರರಿಂದ ಹತ್ತು ಸ್ಟೇಷನ್. ಕೆಲವು ಕಡೆ ನಡುವೆ ಒಂದು ಖಾಲಿ ಸ್ಟೇಷನ್ ಇರುತ್ತದೆ, ಉಸಿರು ತೆಗೆದುಕೊಳ್ಳಲಿಕ್ಕೆ.

ಮಕ್ಕಳು ಜಾಸ್ತಿ ಗಾಬರಿಯಾಗುವುದು ಎದುರಿನವರ ಮುಖ ನೋಡಿ. ಕೆಲವರು ನಗುವುದಿಲ್ಲ, ತಲೆ ಆಡಿಸುವುದಿಲ್ಲ, ಬರೆಯುತ್ತಲೇ ಇರುತ್ತಾರೆ. ನಾನೂ ಹಾಗೆ ಕೂತಿದ್ದೇನೆ. ಒಬ್ಬರಿಗೆ ನಕ್ಕು ಇನ್ನೊಬ್ಬರಿಗೆ ಸುಮ್ಮನಿದ್ದರೆ ಅನ್ಯಾಯ ಆಗುತ್ತದೆ ಅಂತ ಎಲ್ಲರಿಗೂ ಒಂದೇ ಥರ ಇರಿ ಅಂದಿದ್ದರು. ಒಳಗೊಳಗೆ ಆ ಮಗುವಿಗೆ ಚೆನ್ನಾಗಿ ಆಗಲಿ ಅಂತಲೇ ಅನ್ನಿಸುತ್ತಿರುತ್ತದೆ. ಮುಖದಲ್ಲಿ ಕಾಣುವುದಿಲ್ಲ, ಅಷ್ಟೇ. ನೀವು ಬೇಗ ಮುಗಿಸಿದರೆ ಉಳಿದ ಸಮಯ ಇಬ್ಬರೂ ಸುಮ್ಮನೆ ಕೂರಬೇಕಾಗಬಹುದು. ಆಗ ಇನ್ನೊಂದು ವಿಷಯ ಸೇರಿಸಬಹುದೇ ಅಂತ ಕೇಳಿದರೆ ತಪ್ಪಿಲ್ಲ.

ಹಾಳೆ ಓದುವಾಗ ಒಂದು ಅಭ್ಯಾಸ ಇಟ್ಟುಕೊಳ್ಳಿ. ಮೊದಲು, ನಾನಿಲ್ಲಿ ಯಾರು? ವಿದ್ಯಾರ್ಥಿಯೋ, ಡಾಕ್ಟರೋ, ಪಕ್ಕದ ಮನೆಯವರೋ? ಎರಡು, ಏನು ಮಾಡಲು ಹೇಳಿದ್ದಾರೆ? ಮಾತಾಡಿಸಿ ಅಂದಿದ್ದಾರೋ, ನಿಮ್ಮ ಅಭಿಪ್ರಾಯ ಹೇಳಿ ಅಂದಿದ್ದಾರೋ? ಒಳಗೆ ಪಾತ್ರ ಮಾಡಲು ಕರೆಸಿದ ನಟರೊಬ್ಬರು ಅಳುತ್ತಾ ಕೂತಿರುವಾಗ ಒಂದು ಮಗು ಹೋಗಿ ಭಾಷಣ ಮಾಡಿದ್ದನ್ನು ನೋಡಿದ್ದೇನೆ. ಹಾಳೆ ಸರಿಯಾಗಿ ಓದಿರಲಿಲ್ಲ, ಪಾಪ.

ನಾಲ್ಕನೇ ಹೆಜ್ಜೆ: ನಿಮ್ಮ ಸ್ವಂತ ಕಥೆಗಳನ್ನು ಕೂಡಿಡಿ

ಡಾಕ್ಟರ್ ಯಾಕಾಗಬೇಕು ಅಂದರೆ ಎಲ್ಲರೂ ಹೇಳುವುದು ಒಂದೇ. ಜನರಿಗೆ ಸಹಾಯ ಮಾಡಬೇಕು, ವಿಜ್ಞಾನ ಇಷ್ಟ. ಹಾಗಾದರೆ ನರ್ಸ್ ಯಾಕಾಗಬಾರದು ಅನ್ನುವುದು ಮುಂದಿನ ಪ್ರಶ್ನೆ. ಆಗ ನರ್ಸ್ ಕೆಲಸವನ್ನು ಕೀಳು ಮಾಡಿ ಮಾತಾಡಿದರೆ ಅಲ್ಲಿಗೆ ಮುಗಿಯಿತು. ಡಾಕ್ಟರ ಕೆಲಸದಲ್ಲಿ ನಿಮ್ಮನ್ನು ಎಳೆಯುವುದು ಯಾವುದು, ಕಾಯಿಲೆ ಏನಿರಬಹುದು ಅಂತ ಹುಡುಕುವುದೋ, ಖಾತ್ರಿ ಇಲ್ಲದಾಗಲೂ ನಿರ್ಧಾರ ತೆಗೆದುಕೊಂಡು ಅದಕ್ಕೆ ಹೊಣೆ ಹೊರುವುದೋ, ಅದನ್ನು ಹೇಳಿ.

ನಮ್ಮ ಮಕ್ಕಳಲ್ಲಿ ಬಹಳ ಜನರ ಅಪ್ಪ ಅಮ್ಮ ಡಾಕ್ಟರುಗಳೇ. ಅದನ್ನು ಮುಚ್ಚಿಡಬೇಕು ಅಂತ ಯಾರೋ ಹೇಳಿಕೊಟ್ಟಿರುತ್ತಾರೆ. ಬೇಡ. ಏನು ನೋಡಿದಿರಿ ಅಂತ ಹೇಳಿ. ಒಬ್ಬ ಹುಡುಗ ನನ್ನ ಮುಂದೆ ಹೇಳಿದ: ಯುಗಾದಿ ದಿನ ಅಮ್ಮ ಆನ್‌ಕಾಲ್. ಒಬ್ಬಟ್ಟು ಮಾಡಿಟ್ಟು ಹೋದರು. ರಾತ್ರಿ ಹನ್ನೊಂದಕ್ಕೆ ಬಂದು, ಮಾತಾಡದೆ, ತಣ್ಣಗಾದ ಒಬ್ಬಟ್ಟು ನಿಂತುಕೊಂಡೇ ತಿಂದರು. ಏನಾಯ್ತಮ್ಮ ಅಂದರೆ, ಇವತ್ತು ಒಬ್ಬರು ಉಳಿಯಲಿಲ್ಲ ಅಂದರು. ಅಷ್ಟು ನೋಡಿಯೂ ನನಗಿದೇ ಬೇಕು ಅಂದ. ಆ ಮಾತು ಬೇರೆ ಯಾರೂ ಹೇಳಲು ಸಾಧ್ಯವಿಲ್ಲ.

ಕೆಲಸದ ಅನುಭವದ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. ಬೇಸಿಗೆ ರಜೆಯಲ್ಲಿ ಊರಿಗೆ ಹೋಗಿ ದೊಡ್ಡಪ್ಪನ ನರ್ಸಿಂಗ್ ಹೋಮ್‌ನಲ್ಲಿ ಆಪರೇಷನ್ ನೋಡಿ ಬಂದರೆ ಭಾರೀ ತೂಕ ಅಂದುಕೊಳ್ಳುತ್ತಾರೆ. ಇಲ್ಲಿನವರಿಗೆ ನೀವು ಎಷ್ಟು ದೊಡ್ಡದನ್ನು ನೋಡಿದಿರಿ ಅನ್ನುವುದು ಮುಖ್ಯವಲ್ಲ. ನೋಡಿ ಏನು ತಿಳಿದುಕೊಂಡಿರಿ ಅಂತ ಕೇಳುತ್ತಾರೆ. ವಾರಕ್ಕೊಂದು ದಿನ ಕೇರ್ ಹೋಮ್‌ನಲ್ಲಿ ವೃದ್ಧರಿಗೆ ಚಹಾ ಕೊಟ್ಟವರಿಗೆ ಹೇಳಲು ಜಾಸ್ತಿ ಇರುತ್ತದೆ.

ಹಾಗೆ ಹೋಗುತ್ತಿದ್ದ ಹುಡುಗಿಯೊಬ್ಬಳು ಒಬ್ಬ ಅಜ್ಜ ಪ್ರತಿ ಸಲ ಚಹಾ ಪಕ್ಕಕ್ಕೆ ತಳ್ಳುವುದನ್ನು ಗಮನಿಸಿದ್ದಳು. ಅವರಿಗೆ ನುಂಗಲು ಕಷ್ಟ, ತೆಳು ಚಹಾ ಶ್ವಾಸಕೋಶಕ್ಕೆ ಇಳಿಯಬಹುದು. ಅದಕ್ಕೆ ಪುಡಿ ಹಾಕಿ ಗಂಜಿಯ ಹಾಗೆ ಗಟ್ಟಿ ಮಾಡಿ ಕೊಡುತ್ತಿದ್ದರು. ಇವಳು ಅಲ್ಲಿನ ಸಿಬ್ಬಂದಿಯನ್ನು ಕೇಳಿದಳು. ಅಜ್ಜನನ್ನೂ ಕೇಳಿದಳು. ಇದು ಚಹಾನೇ ಅಲ್ಲ ಮಗಳೇ ಅನ್ನುವ ಅರ್ಥದಲ್ಲಿ ಏನೋ ಅಂದರಂತೆ. ಬದುಕು ಕಾಪಾಡುವುದಕ್ಕೂ ಅವರಿಗೆ ಇಷ್ಟವಾದದ್ದನ್ನು ಕೊಡುವುದಕ್ಕೂ ನಡುವೆ ಎಳೆದಾಟ ಇದೆ ಅಂತ ಅವಳಿಗೆ ಅಲ್ಲಿ ಗೊತ್ತಾಯಿತು. ಒಂದು ಲೋಟ ಚಹಾದಿಂದ.

ಇಂಥ ಐದಾರು ಕಥೆ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ಏನಾಯಿತು ಅನ್ನುವುದು ಎರಡು ಸಾಲು. ನನಗೇನು ಅನ್ನಿಸಿತು, ಆಮೇಲೆ ನಾನೇನು ಬದಲಾಯಿಸಿಕೊಂಡೆ, ಅದು ನಾಲ್ಕು ಸಾಲು. ಯಾರ ಹೆಸರನ್ನೂ ಹೇಳಬೇಡಿ, ರೋಗಿಯ ಗುಟ್ಟು ಕಾಪಾಡುವುದು ಅಲ್ಲಿಂದಲೇ ಶುರು. ಉತ್ತರವನ್ನು ಬಾಯಿಪಾಠ ಮಾತ್ರ ಮಾಡಬೇಡಿ. ಮಗ್ಗಿ ಒಪ್ಪಿಸಿದ ಹಾಗೆ ಹೇಳುವುದು ಎದುರು ಕೂತವರಿಗೆ ಮೊದಲ ವಾಕ್ಯದಲ್ಲೇ ಗೊತ್ತಾಗುತ್ತದೆ.

ಐದನೇ ಹೆಜ್ಜೆ: ಸರಿ ತಪ್ಪಿನ ಪ್ರಶ್ನೆಗಳನ್ನು ಬಿಡಿಸಲು ಕಲಿಯಿರಿ

ಓದಲೇಬೇಕಾದದ್ದು ಗುಡ್ ಮೆಡಿಕಲ್ ಪ್ರಾಕ್ಟೀಸ್, ಇಲ್ಲಿನ ಡಾಕ್ಟರುಗಳ ನೋಂದಣಿ ನೋಡಿಕೊಳ್ಳುವ ಜನರಲ್ ಮೆಡಿಕಲ್ ಕೌನ್ಸಿಲ್ ಡಾಕ್ಟರು ಹೇಗಿರಬೇಕು ಅಂತ ಬರೆದ ನಿಯಮಗಳು. ಹೊಸ ಆವೃತ್ತಿ 2024ರ ಜನವರಿಯಿಂದ ಜಾರಿಯಲ್ಲಿದೆ, ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಜೊತೆಗೆ ನಾಲ್ಕು ತತ್ವಗಳು: ರೋಗಿಯ ಸ್ವಂತ ನಿರ್ಧಾರಕ್ಕೆ ಗೌರವ, ಒಳ್ಳೆಯದು ಮಾಡುವುದು, ಕೇಡು ಮಾಡದಿರುವುದು, ಎಲ್ಲರಿಗೂ ನ್ಯಾಯ. ಈ ನಾಲ್ಕರ ಹೆಸರು ಪಟಪಟ ಹೇಳಿ ಸುಮ್ಮನಾಗುವ ಮಕ್ಕಳು ಬಹಳ. ಹೆಸರಿಗೆ ಅಂಕ ಇಲ್ಲ, ಎದುರಿಗಿರುವ ಸನ್ನಿವೇಶಕ್ಕೆ ಅದನ್ನು ಹೇಗೆ ಹಚ್ಚುತ್ತೀರಿ ಅನ್ನುವುದಕ್ಕೆ ಅಂಕ.

ನಮ್ಮ ಮಕ್ಕಳಿಗೆ ಕಷ್ಟವಾಗುವ ಒಂದು ಉದಾಹರಣೆ. ಹದಿನೈದು ವರ್ಷದ ಹುಡುಗಿ ಜಿಪಿ, ಅಂದರೆ ಬಡಾವಣೆಯ ಫ್ಯಾಮಿಲಿ ಡಾಕ್ಟರ್ ಹತ್ತಿರ ಬಂದು ಗರ್ಭನಿರೋಧಕ ಮಾತ್ರೆ ಕೇಳುತ್ತಾಳೆ. ಅಮ್ಮನಿಗೆ ಹೇಳಬೇಡಿ ಅನ್ನುತ್ತಾಳೆ. ಮನೆಯಲ್ಲಿ ಈ ಮಾತೇ ಬಾರದಿರುವುದರಿಂದ ಎಷ್ಟೋ ಮಕ್ಕಳು ತಡವರಿಸುತ್ತಾರೆ, ಇಲ್ಲವೇ ಅಮ್ಮನಿಗೆ ಹೇಳಲೇಬೇಕು ಅಂದುಬಿಡುತ್ತಾರೆ. ಇಂಗ್ಲೆಂಡ್‌ನ ಕಾನೂನಿನಲ್ಲಿ 1985ರ ಗಿಲಿಕ್ ಪ್ರಕರಣದ ತೀರ್ಪು ಇದೆ. ಹದಿನಾರು ತುಂಬದವರೂ ಚಿಕಿತ್ಸೆಯ ಬಗ್ಗೆ ಸರಿಯಾಗಿ ಅರ್ಥ ಮಾಡಿಕೊಳ್ಳಬಲ್ಲರಾದರೆ ತಾವೇ ಒಪ್ಪಿಗೆ ಕೊಡಬಹುದು.

ಉತ್ತರ ಕಟ್ಟುವುದು ಹೀಗೆ. ಮೊದಲು ಅವಳು ಬಂದಿದ್ದಕ್ಕೆ ಬೈಯದೆ ಮಾತಾಡಿಸುತ್ತೇನೆ. ಅವಳಿಗೆ ಎಷ್ಟು ಅರ್ಥವಾಗಿದೆ ಅಂತ ತಿಳಿದುಕೊಳ್ಳುತ್ತೇನೆ. ಸಂಗಾತಿಯ ವಯಸ್ಸೆಷ್ಟು, ಯಾರಾದರೂ ಬಲವಂತ ಮಾಡುತ್ತಿದ್ದಾರೆಯೇ ಅಂತ ಮೆಲ್ಲಗೆ ಕೇಳುತ್ತೇನೆ. ಅಮ್ಮನ ಹತ್ತಿರ ಮಾತಾಡಲು ಧೈರ್ಯ ತುಂಬುತ್ತೇನೆ, ಒಪ್ಪದಿದ್ದರೆ ಗುಟ್ಟು ಕಾಪಾಡುತ್ತೇನೆ. ಆದರೆ ಅವಳಿಗೆ ಅಪಾಯವಿದೆ ಅನ್ನಿಸಿದರೆ ಗುಟ್ಟು ಉಳಿಸಲು ಆಗುವುದಿಲ್ಲ, ಅದನ್ನು ಅವಳಿಗೆ ಮೊದಲೇ ಹೇಳುತ್ತೇನೆ. ಹದಿಮೂರು ತುಂಬದ ಮಗುವಾದರೆ ಲೆಕ್ಕವೇ ಬೇರೆ, ತಕ್ಷಣ ಹಿರಿಯ ಡಾಕ್ಟರಿಗೆ ತಿಳಿಸಬೇಕು. ಕೊನೆಯಲ್ಲಿ ನಿಮ್ಮ ತೀರ್ಮಾನ ಹೇಳಿ. ಎರಡೂ ಕಡೆ ಹೇಳಿ ನಡುವೆಯೇ ನಿಂತುಬಿಡಬೇಡಿ.

ಎನ್‌ಎಚ್‌ಎಸ್, ಅಂದರೆ ಬ್ರಿಟನ್‌ನ ಸರ್ಕಾರಿ ಆರೋಗ್ಯ ಸೇವೆಯ ಬಗ್ಗೆಯೂ ಸ್ವಲ್ಪ ಗೊತ್ತಿರಬೇಕು. 1948ರ ಜುಲೈ 5ರಂದು ಶುರುವಾಯಿತು. ದುಡ್ಡು ನೋಡದೆ ಚಿಕಿತ್ಸೆ ಕೊಡುವುದು ಅದರ ಬುನಾದಿ. ಕಾಯುವವರ ಪಟ್ಟಿ ಯಾಕೆ ಉದ್ದವಾಗಿದೆ, ರೆಸಿಡೆಂಟ್ ಡಾಕ್ಟರುಗಳು, ಅಂದರೆ ಕೆಲಸ ಮಾಡುತ್ತಲೇ ತರಬೇತಿ ಪಡೆಯುವವರು, ಯಾಕೆ ಮುಷ್ಕರ ಮಾಡಿದರು ಅನ್ನುವುದರ ಎರಡೂ ಬದಿ ತಿಳಿದುಕೊಳ್ಳಿ. ಅವರನ್ನು 2024ರ ಸೆಪ್ಟೆಂಬರ್‌ವರೆಗೆ ಜೂನಿಯರ್ ಡಾಕ್ಟರ್ ಅನ್ನುತ್ತಿದ್ದರು. ಈಗಲೂ ಹಳೆ ಹೆಸರು ಹೇಳಿದರೆ ಸುದ್ದಿ ಓದಿಲ್ಲ ಅಂತ ಗೊತ್ತಾಗುತ್ತದೆ.

ಆರನೇ ಹೆಜ್ಜೆ: ರೋಲ್ ಪ್ಲೇ, ಇದಕ್ಕೇ ಜಾಸ್ತಿ ಸಮಯ ಕೊಡಿ

ನಮ್ಮ ಮಕ್ಕಳು ಅಂಕ ಕಳೆದುಕೊಳ್ಳುವುದು ಇಲ್ಲೇ. ಒಳ್ಳೆಯ ಮಕ್ಕಳು, ಮೃದು ಮನಸ್ಸಿನವರು. ಆದರೂ ತಪ್ಪುತ್ತಾರೆ. ಯಾಕೆ ಅಂತ ನನಗೆ ಅರ್ಥವಾಗಲು ಸಮಯ ಹಿಡಿಯಿತು.

ಒಂದು ಶನಿವಾರ ಹದಿನೇಳರ ಹುಡುಗನೊಬ್ಬನಿಗೆ ಈ ಸನ್ನಿವೇಶ ಕೊಟ್ಟೆ. ಪಕ್ಕದ ಮನೆಯವರು ರಜೆಗೆ ಹೋಗುವಾಗ ಬೆಕ್ಕನ್ನು ನೋಡಿಕೋ ಅಂದಿದ್ದರು. ನೀನು ಬಾಗಿಲು ಹಾಕಲು ಮರೆತೆ, ಬೆಕ್ಕು ರಸ್ತೆಗೆ ಓಡಿ ಕಾರಿಗೆ ಸಿಕ್ಕಿ ಸತ್ತಿದೆ. ಅವರೀಗ ಬಂದಿದ್ದಾರೆ, ವಿಷಯ ತಿಳಿಸು. ಪಕ್ಕದ ಮನೆಯವಳು ನಾನೇ. ನಾನು ಕಣ್ಣು ಒರೆಸಿಕೊಂಡ ತಕ್ಷಣ ಅವನು ಇಂಗ್ಲಿಷಿನಲ್ಲಿ ಅಂದದ್ದು: ಅಳಬೇಡಿ, ಏನೂ ಆಗಲ್ಲ, ಎಲ್ಲಾ ಸರಿಹೋಗುತ್ತೆ, ಇನ್ನೊಂದು ಬೆಕ್ಕು ತರೋಣ.

ಮಾತು ಇಂಗ್ಲಿಷ್, ಒಳಗಿರುವುದು ನಮ್ಮ ಮನೆಯ ಕನ್ನಡ. ಯಾರಿಗಾದರೂ ದುಃಖವಾದರೆ ನಾವು ಹೇಳುವುದೇ ಅದು ಅಲ್ವಾ? ಏನೂ ಆಗಲ್ಲ ಬಿಡಿ. ಸಮಾಧಾನ ಮಾಡ್ಕೊಳ್ಳಿ. ಪ್ರೀತಿಯಿಂದಲೇ ಹೇಳುತ್ತೇವೆ. ಮನೆಯಲ್ಲಿ ಅದು ನಡೆಯುತ್ತದೆ, ಯಾಕೆಂದರೆ ಆಮೇಲೆ ಪಕ್ಕದಲ್ಲೇ ಕೂತಿರುತ್ತೇವೆ. ಡಾಕ್ಟರ ಬಾಯಲ್ಲಿ ಬಂದರೆ ಅದು ಈಡೇರಿಸಲಾಗದ ಭರವಸೆ. ನಿಮ್ಮ ದುಃಖ ನಿಲ್ಲಿಸಿ, ನನಗೆ ನೋಡಲು ಆಗುತ್ತಿಲ್ಲ ಅಂದ ಹಾಗೂ ಕೇಳಿಸುತ್ತದೆ. ಇದನ್ನು ಅವನಿಗೆ ಹೇಳಿದೆ. ಚಹಾ ಕುಡಿದು ಮತ್ತೊಮ್ಮೆ ಮಾಡಿದೆವು.

ಈ ಸಲ ಬಾಗಿಲಲ್ಲೇ ನಿಂತ. ಒಳಗೆ ಬರಬಹುದಾ ಅಂದ. ಒಂದು ಕೆಟ್ಟ ಸುದ್ದಿ ಹೇಳಬೇಕು, ಕೂತ್ಕೊಳ್ತೀರಾ ಅಂದ. ಕೂತೆ. ನಿಮ್ಮ ಬೆಕ್ಕು ನಿನ್ನೆ ಕಾರಿಗೆ ಸಿಕ್ಕಿ ಸತ್ತುಹೋಯಿತು. ಹೋಯಿತು, ಕಳೆದುಹೋಯಿತು ಅಂತ ಸುತ್ತಿ ಬಳಸಲಿಲ್ಲ, ಸತ್ತಿತು ಅಂತಲೇ ಹೇಳಿದ. ಆಮೇಲೆ ಸುಮ್ಮನಾದ. ಟೇಬಲ್ ಕೆಳಗೆ ಬೆರಳು ಎಣಿಸುತ್ತಿದ್ದ, ಐದರವರೆಗೆ ಎಣಿಸು ಅಂತ ನಾನೇ ಹೇಳಿಕೊಟ್ಟಿದ್ದೆ. ನಾನು ಹೇಗಾಯ್ತು ಅಂದೆ. ಬಾಗಿಲು ಹಾಕಲು ಮರೆತದ್ದು ನಾನು, ನನ್ನಿಂದ ತಪ್ಪಾಯಿತು, ಕ್ಷಮಿಸಿ ಅಂದ. ಅದು ನಿಮ್ಮ ಜೊತೆ ಎಷ್ಟು ವರ್ಷದಿಂದ ಇತ್ತು ಅಂತ ಕೇಳಿದ. ನಮ್ಮ ಮನೆಯಲ್ಲಿ ಬೆಕ್ಕೇ ಇಲ್ಲ. ಆದರೂ ನನ್ನ ಕಣ್ಣು ತುಂಬಿತು.

ಅಷ್ಟೇ ಕ್ರಮ. ಮುನ್ಸೂಚನೆ ಕೊಡಿ, ನೇರವಾಗಿ ಹೇಳಿ, ಸುಮ್ಮನಿರಿ, ತಪ್ಪಿದ್ದರೆ ಒಪ್ಪಿಕೊಳ್ಳಿ, ಅವರ ಮಾತು ಕೇಳಿ, ಮುಂದೇನು ಸಹಾಯ ಬೇಕು ಅಂತ ವಿಚಾರಿಸಿ. ಸಿಟ್ಟಾದವರ ಮುಂದೆಯೂ ಇದೇ. ಅವರು ದನಿ ಏರಿಸಿದರೆ ನೀವು ಇಳಿಸಿ. ವಾದ ಗೆಲ್ಲಲು ಹೋಗಬೇಡಿ.

ಉಳಿದ ಸ್ಟೇಷನ್‌ಗಳು

ಲೆಕ್ಕ ಕೊಡಬಹುದು. ಒಂದು ಔಷಧಿ ಕಿಲೋಗೆ 15 ಮಿಲಿಗ್ರಾಂ, ಮಗುವಿನ ತೂಕ 20 ಕಿಲೋ, ಸಿರಪ್‌ನ 5 ಎಂಎಲ್‌ನಲ್ಲಿ 120 ಮಿಲಿಗ್ರಾಂ ಇದೆ, ಎಷ್ಟು ಎಂಎಲ್ ಕೊಡಬೇಕು? 300 ಮಿಲಿಗ್ರಾಂ ಬೇಕು, ಅಂದರೆ 12.5 ಎಂಎಲ್. ಬಾಯಿಬಿಟ್ಟು ಹೇಳುತ್ತಾ ಮಾಡಿ. ಬಿಂದು ತಪ್ಪು ಜಾಗಕ್ಕೆ ಬಿದ್ದರೆ ಹತ್ತು ಪಟ್ಟು ಔಷಧಿ ಹೋಗುತ್ತದೆ, ಹಾಗಾಗಿ ಕೊನೆಗೊಮ್ಮೆ ಪರಿಶೀಲಿಸುತ್ತೇನೆ ಅಂತ ಹೇಳಿ ಪರಿಶೀಲಿಸಿ.

ಶೂ ಲೇಸ್ ಕಟ್ಟುವುದನ್ನು ಕೈಸನ್ನೆ ಇಲ್ಲದೆ ಬರೀ ಮಾತಿನಲ್ಲಿ ವಿವರಿಸು, ಈ ಚಿತ್ರವನ್ನು ಅದು ಕಾಣದವರಿಗೆ ಮಾತಿನಲ್ಲೇ ಹೇಳಿ ಅವರ ಕೈಯಲ್ಲಿ ಬರೆಸು, ಇಂಥವೂ ಬರುತ್ತವೆ. ಇದಕ್ಕೆ ಕೋಚಿಂಗ್ ಬೇಡ. ಊರಲ್ಲಿರುವ ಅಜ್ಜಿಗೆ ವಾಟ್ಸಾಪ್‌ನಲ್ಲಿ ಫೋಟೋ ಕಳಿಸುವುದನ್ನು ಬರೀ ಫೋನಿನ ಮಾತಿನಲ್ಲೇ ಹೇಳಿಕೊಡಿ. ಎಲ್ಲಿ ಮಾತು ಅರ್ಥವಾಗಲಿಲ್ಲ ಅಂತ ಅಜ್ಜಿಯೇ ಹೇಳುತ್ತಾರೆ.

ಏಳನೇ ಹೆಜ್ಜೆ: ಮನೆಯಲ್ಲಿ ಅಭ್ಯಾಸ

ನಾಲ್ಕು ವಾರ ಸಾಕು. ಮೊದಲ ವಾರ ಓದು ಮತ್ತು ನೋಟ್‌ಬುಕ್. ಎರಡನೇ ವಾರ ಗೆಳೆಯರ ಜೊತೆ ಒಂದೊಂದೇ ಸ್ಟೇಷನ್. ಆಮೇಲೆ ಫೋನಿನ ಟೈಮರ್ ಇಟ್ಟು ಪೂರ್ತಿ ಸುತ್ತು. ಕೊನೆಯ ಎರಡು ದಿನ ಏನೂ ಮಾಡಬೇಡಿ. ಪರಿಚಯವಿಲ್ಲದವರ ಮುಂದೆ ಒಂದೆರಡು ಸಲ ಮಾಡಿಸಿ, ಮನೆಯವರ ಮುಂದೆ ಬರುವ ಧೈರ್ಯ ಬೇರೆ. ವಿಡಿಯೋ ಮಾಡಿ ನೋಡಿಕೊಂಡರೆ ಎಷ್ಟು ಬೇಗ ಮಾತಾಡುತ್ತೇವೆ ಅಂತ ಗೊತ್ತಾಗುತ್ತದೆ. ಸಾವಿರಾರು ಪೌಂಡ್ ಕೋಚಿಂಗ್‌ಗೆ ಕೊಡುವ ಅಗತ್ಯ ನನಗಂತೂ ಕಂಡಿಲ್ಲ.

ಕೆಲವು ಮೆಡಿಕಲ್ ಸ್ಕೂಲುಗಳು ಆನ್‌ಲೈನ್‌ನಲ್ಲೇ ಸಂದರ್ಶನ ಮಾಡುತ್ತವೆ. ಅಲ್ಲಿ ಗಂಟೆ ಬದಲು ಸ್ಕ್ರೀನ್ ತಾನಾಗಿ ಇನ್ನೊಂದು ಕೋಣೆಗೆ ಬದಲಾಗುತ್ತದೆ. ಕ್ಯಾಮೆರಾ ಕಣ್ಣಿನ ಎತ್ತರಕ್ಕೆ ಇರಲಿ, ಬೆಳಕು ಮುಖದ ಮೇಲೆ ಬೀಳಲಿ. ಆ ಒಂದು ಗಂಟೆ ಮನೆಯಲ್ಲಿ ಮಿಕ್ಸಿ, ಕುಕ್ಕರ್ ಬೇಡ. ಪಕ್ಕದಲ್ಲಿ ಚೀಟಿ ಅಂಟಿಸಬೇಡಿ, ಕಣ್ಣು ಅತ್ತ ಹೋಗುವುದು ಕಾಣುತ್ತದೆ.

ಅಪ್ಪ ಅಮ್ಮಂದಿರಿಗೆ ಒಂದು ಮಾತು. ನೀವು ಉತ್ತರ ಬರೆದುಕೊಡಬೇಡಿ. ದಾರಿಯಲ್ಲಿ ಕಾರಿನಲ್ಲಿ ಪ್ರಶ್ನೆ ಕೇಳಬೇಡಿ. ಹೊರಗೆ ಬಂದ ತಕ್ಷಣ ಏನು ಕೇಳಿದರು, ಏನು ಹೇಳಿದೆ ಅಂತಲೂ ಬೇಡ. ಪ್ರಶ್ನೆ ಯಾರಿಗೂ ಹೇಳಬಾರದು ಅಂತ ಮಕ್ಕಳಿಂದ ಮಾತು ತೆಗೆದುಕೊಂಡಿರುತ್ತಾರೆ, ಮಾರನೇ ದಿನ ಬರುವವರಿಗೆ ಅನ್ಯಾಯವಾಗಬಾರದಲ್ಲ. ಊಟ ಎಲ್ಲಿ ಮಾಡೋಣ ಅಂತ ಕೇಳಿ.

ಆಮೇಲೆ

ಉತ್ತರ ಯುಕಾಸ್ ಮೂಲಕ ಬರುತ್ತದೆ. ಒಂದು ಕಡೆಯದು ಬೇಗ, ಇನ್ನೊಂದು ಕಡೆಯದು ಮೇವರೆಗೂ ಬರದೆ ಇರಬಹುದು. ಸಿಕ್ಕರೂ ಹೆಚ್ಚಾಗಿ ಷರತ್ತಿನ ಆಫರ್, ಎ ಲೆವೆಲ್‌ನಲ್ಲಿ, ಅಂದರೆ ನಮ್ಮ ಪಿಯುಸಿಯಂಥ ಪರೀಕ್ಷೆಯಲ್ಲಿ, ಕೇಳಿದ ಗ್ರೇಡ್ ಬರಲೇಬೇಕು. ಹಾಗಾಗಿ ಸಂದರ್ಶನ ಮುಗಿದ ಮಾರನೇ ದಿನದಿಂದ ಮತ್ತೆ ಕೆಮಿಸ್ಟ್ರಿ.

ಕರ್ನಾಟಕದಿಂದಲೇ ಅರ್ಜಿ ಹಾಕುವವರು ಎರಡು ವಿಷಯ ನೆನಪಿಡಿ. ಇಂಗ್ಲೆಂಡ್‌ನಲ್ಲಿ ವಿದೇಶಿ ವಿದ್ಯಾರ್ಥಿಗಳಿಗೆ ಸಿಗುವುದು ಒಟ್ಟು ಸೀಟಿನಲ್ಲಿ ಸುಮಾರು 7.5 ಶೇಕಡಾ ಮಾತ್ರ. ಮುಂದೆ ಭಾರತದಲ್ಲಿ ಡಾಕ್ಟರ್ ಆಗಿ ಕೆಲಸ ಮಾಡುವ ಯೋಚನೆ ಇದ್ದರೆ ಹೊರಡುವ ಮೊದಲೇ ನೀಟ್ ಪಾಸಾಗಿರಬೇಕು.

ನಾಲ್ಕೂ ಕಡೆ ಇಲ್ಲ ಅಂದರೆ ಆ ವಾರ ಮನೆಯಲ್ಲಿ ಯಾರ ಮಕ್ಕಳ ಹೆಸರನ್ನೂ ಎತ್ತಬೇಡಿ. ಕೆಲವು ದಿನ ಕಳೆದ ಮೇಲೆ ಫೀಡ್‌ಬ್ಯಾಕ್ ಕೇಳಿ ಬರೆಯಿರಿ, ಕೆಲವು ಕಡೆ ಸ್ಟೇಷನ್‌ವಾರು ಅಂಕ ಕೊಡುತ್ತಾರೆ. ಒಂದು ವರ್ಷ ಬಿಟ್ಟು ಮತ್ತೆ ಅರ್ಜಿ ಹಾಕುವುದು ಇಲ್ಲಿ ಮಾಮೂಲು, ಅದಕ್ಕೆ ಯುಕ್ಯಾಟ್ ಹೊಸದಾಗಿ ಬರೆಯಬೇಕು. ಚಹಾದ ಕಥೆ ಹೇಳಿದ ಹುಡುಗಿಗೆ ಮೊದಲ ವರ್ಷ ಒಂದೂ ಆಫರ್ ಬರಲಿಲ್ಲ. ಆ ವರ್ಷ ಅದೇ ಕೇರ್ ಹೋಮ್‌ನಲ್ಲಿ ಸಂಬಳದ ಕೆಲಸಕ್ಕೆ ಸೇರಿದಳು. ಅಜ್ಜ ತೀರಿಕೊಂಡ ದಿನ ಡ್ಯೂಟಿಯಲ್ಲಿ ಇದ್ದವಳು ಅವಳೇ. ಈಗ ಮೂರನೇ ವರ್ಷದ ಮೆಡಿಕಲ್‌ನಲ್ಲಿದ್ದಾಳೆ, ಈ ಡಿಸೆಂಬರ್‌ನಲ್ಲಿ ನಮ್ಮ ಟೇಬಲ್ಲಿಗೆ ಬಂದು ಚಿಕ್ಕವರಿಗೆ ಪಕ್ಕದ ಮನೆಯವಳ ಪಾತ್ರ ಮಾಡುತ್ತೇನೆ ಅಂದಿದ್ದಾಳೆ.